ಕರಿಹಲಗೆ ಮೇಲಿನ ಕರಾಟೆ ಸೂತ್ರಗಳು

ಒಳ್ಳೆ ಮಾತನ್ನ ಬೋರ್ಡಿನ ಮೇಲೆ ಬರೆಯೋದು ಬಹಳ ಅಪಾಯದ ಕೆಲಸ. ಬೈದ್ರೆ ಜನ ಎರಡು ದಿನಕ್ಕೆ ಮರೀತಾರೆ. ಒಳ್ಳೆ ಮಾತು ಹೇಳಿದ್ರೆ ಮನೆಗೆ ತಗೊಂಡು ಹೋಗಿ ಬಳಸಿಬಿಡ್ತಾರೆ. ಹತ್ತು ವರ್ಷದಿಂದ ದೊಡ್ಡಬಳ್ಳಾಪುರದಲ್ಲಿ ಕರಾಟೆ ಕಲಿಸ್ತಾ ಇದ್ದೀನಿ, ವರ್ಷಕ್ಕೆ ಒಂದಾದರೂ ಇಂಥ ಫಜೀತಿ ಆಗದೆ ಇರೋದಿಲ್ಲ. ಹೋದ ವರ್ಷ ಮಾತ್ರ ಎಲ್ಲ ಒಟ್ಟಿಗೇ ಬಂದ್ವು. ಅದೂ ಬರಬಾರದ ವರ್ಷದಲ್ಲೇ ಬಂದ್ವು.

ಈ ಸೂತ್ರದ ಹುಚ್ಚು ನನಗೆ ಹಿಡಿಸಿದ್ದು ನನ್ನ ಗುರುಗಳು. ಬೆಂಗಳೂರಿನವರು. ಮುಷ್ಟಿ ಹೇಗೆ ತಿರುಗಿಸಬೇಕು, ಕಾಲು ಎಷ್ಟು ಎತ್ತಬೇಕು ಅನ್ನೋದನ್ನೆಲ್ಲ ಬಿಡಿಸಿ ಬಿಡಿಸಿ ಹೇಳ್ತಿದ್ರು. ಆದರೆ ಕ್ಲಾಸು ಮುಗಿಯೋ ಹೊತ್ತಿಗೆ ಒಂದು ಸೂತ್ರ ಹೇಳಿ ಕಣ್ಣು ಮುಚ್ಚಿ ಕೂತುಬಿಡ್ತಿದ್ರು. ಅರ್ಥ ಕೇಳೋ ಹಾಗಿಲ್ಲ. "ಸೂತ್ರ ಅನ್ನೋದು ಬೀಜ ಕಣಯ್ಯ, ಸುಲಿದು ನೋಡಿದ್ರೆ ಮೊಳೆಯೋದಿಲ್ಲ" ಅನ್ನೋರು. ನನಗೆ ಅದು ಭಾರಿ ಗಂಭೀರವಾಗಿ ಕಾಣ್ತು. ನಾನೂ ಮಾಸ್ಟರ್ ಆದಮೇಲೆ ಪ್ರತಿ ಸೋಮವಾರ ಕರಿಹಲಗೆ ಮೇಲೆ ಅವರದ್ದೇ ಒಂದು ಸೂತ್ರ ಬರೆದು, ಅರ್ಥ ಹೇಳದೆ ಗಡ್ಡ ನೀವಿಕೊಳ್ಳೋದು ಶುರು ಮಾಡಿದೆ. ಅದಕ್ಕೋಸ್ಕರವೇ ಗಡ್ಡ ಬಿಟ್ಟಿದ್ದೆ.

ಹೋದ ವರ್ಷ ನಾವು ಕಲೀತಿದ್ದ ಮೈದಾನದಲ್ಲಿ ಯಾರೋ ಕಟ್ಟಡ ಎಬ್ಬಿಸಿದ್ರು. ಮೂವತ್ತೈದು ಜನ ಶಿಷ್ಯರನ್ನ ಇಟ್ಕೊಂಡು ಬೀದಿಗೆ ಬಿದ್ದೆ. ಆಗ ಕೈಹಿಡಿದದ್ದು ನಮ್ಮ ಬೀದಿಯ ನೇಕಾರರ ಸಂಘದ ಅಧ್ಯಕ್ಷರು. ಸಂಘದ ಮೀಟಿಂಗ್ ಹಾಲನ್ನ ವಾರಕ್ಕೆ ಮೂರು ಸಂಜೆ ಬಿಟ್ಟುಕೊಟ್ರು. ಆದರೆ ಕಮಿಟಿಯಲ್ಲಿ ಕಾರ್ಯದರ್ಶಿಗಳಿಗೆ ಅದು ಸುತರಾಂ ಇಷ್ಟ ಇರಲಿಲ್ಲ. ಅವರಿಗೆ ಅಲ್ಲಿ ವರ್ಷವಿಡೀ ಸೀರೆ ಸೇಲ್ ಇಡಿಸೋ ಆಸೆ.

ಅಧ್ಯಕ್ಷರು ಬೀಗದಕೈ ನನ್ನ ಕೈಲಿಡ್ತಾ ಹೇಳಿದ್ರು: "ನೋಡಿ ಮೇಷ್ಟ್ರೇ, ವಾರ್ಷಿಕ ಸಭೆವರೆಗೂ ಇದು ನಿಮ್ದು. ಮಕ್ಕಳಿಗೆ ಒಳ್ಳೇದಾಯ್ತು ಅಂತ ನಾಲ್ಕು ಜನ ಅಂದ್ರೆ ಮುಂದಕ್ಕೂ ನಿಮ್ದೇ. ದೂರು ಬಂತೋ, ಕೀ ವಾಪಸ್."

"ದೂರು ಯಾಕೆ ಬರುತ್ತೆ ಯಜಮಾನ್ರೇ" ಅಂದೆ ನಾನು, ಗಡ್ಡ ನೀವಿಕೊಂಡು.

ಗಣಿತದ ಏಟು

ಮೊದಲನೇ ದೂರು ಬಂದದ್ದು ಸಾಕ್ಷಾತ್ ಅಧ್ಯಕ್ಷರಿಂದಲೇ.

ಅವರ ಮೊಮ್ಮಗಳು ನನ್ನ ಶಿಷ್ಯೆ. ಒಂಬತ್ತನೇ ಕ್ಲಾಸು, ಚುರುಕು ಅಂದ್ರೆ ಚುರುಕು. ಆ ವಾರ ನಾನು ಬರೆದಿದ್ದ ಸೂತ್ರ: "ಏಟು ಬರುವ ಕಡೆ ನಿಲ್ಲಬೇಡ." ಎದುರಾಳಿ ಗುದ್ದೋಕೆ ಬಂದಾಗ ಎದೆಯೊಡ್ಡಿ ನಿಲ್ಲಬಾರದು, ಪಕ್ಕಕ್ಕೆ ಸರೀಬೇಕು ಅಂತ. ಇಷ್ಟು ಸರಳವಾದದ್ದಕ್ಕೆ ಬೇರೆ ಅರ್ಥ ಎಲ್ಲಿಂದ ಬರಬೇಕು?

ಶುಕ್ರವಾರ ಅಧ್ಯಕ್ಷರು ಕೋಲು ಊರಿಕೊಂಡು ಹಾಲಿಗೆ ಬಂದ್ರು. ಮುಖ ಗಂಟು.

"ಮೇಷ್ಟ್ರೇ, ಇವತ್ತು ಮಗೂಗೆ ಗಣಿತ ಪರೀಕ್ಷೆ ಇತ್ತು."

"ಹೆಂಗೆ ಬರೆದಳು ಯಜಮಾನ್ರೇ?"

"ಬರೀಲಿಲ್ಲ. ಬೆಳಿಗ್ಗೆ ಯೂನಿಫಾರಂ ಹಾಕ್ಕೊಂಡು ಹೋದೋಳು ಮಧ್ಯಾಹ್ನ ಸಿಕ್ಕಿದ್ದು ತ್ಯಾಮಗೊಂಡ್ಲಲ್ಲಿ. ಅವರತ್ತೆ ಮನೇಲಿ ಕೂತು ಚಿತ್ರಾನ್ನ ತಿಂತಿದ್ಳು. ಯಾಕವ್ವಾ ಹಿಂಗ್ ಮಾಡ್ದೆ ಅಂದ್ರೆ, ‘ತಾತ, ಏಟು ಬರೋದು ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ಆ ಕಡೆ ನಿಲ್ಲಲಿಲ್ಲ’ ಅಂತಾಳೆ. ನೀವೇ ಬರೆದಿದ್ದಂತೆ."

ನಾನು ಹುಡುಗೀನ ಕರೆದು ಚೆನ್ನಾಗಿ ಬೈದೆ. ಅವಳು ತಲೆ ತಗ್ಗಿಸಿ ನಿಂತು ಎಲ್ಲ ಕೇಳಿಸಿಕೊಂಡು, "ಸಾರ್, ಸೂತ್ರಕ್ಕೆ ಅರ್ಥ ನಾವೇ ಹುಡುಕ್ಕೋಬೇಕು ಅಂತ ನೀವೇ ಅಂದಿದ್ರಲ್ಲಾ" ಅಂದಳು. ಹತ್ತು ವರ್ಷದಲ್ಲಿ ನಾನು ತಯಾರು ಮಾಡಿದ ಶಿಷ್ಯರು ಏಟು ತಪ್ಪಿಸಿಕೊಳ್ಳೋಕೆ ಒಂದಡಿ ಸರೀತಾರೆ, ಹೆಚ್ಚಂದ್ರೆ ಎರಡಡಿ. ಬಸ್ಸು ಹತ್ತಿ ತಾಲ್ಲೂಕನ್ನೇ ದಾಟಿದವಳು ಇವಳೊಬ್ಬಳೇ.

ಸದ್ದು ನಿಂತಾಗ

ಇನ್ನು ಮೇಲೆ ಕೈಕಾಲು ಆಡಿಸೋ ಸೂತ್ರವೇ ಬೇಡ, ಧ್ಯಾನದ್ದು ಬರೆಯೋಣ ಅಂದ್ಕೊಂಡೆ. ಧ್ಯಾನ ಮಾಡಿ ಯಾರೂ ಬಸ್ ಹತ್ತೋದಿಲ್ಲ. "ಮೌನದೊಳಗೆ ಬಲವಿದೆ" ಅಂತ ಬರೆದು, ಎಲ್ಲರನ್ನೂ ಪದ್ಮಾಸನದಲ್ಲಿ ಕೂರಿಸಿದೆ.

ನಮ್ಮ ಹಾಲಿನ ಎರಡೂ ಪಕ್ಕ ಪವರ್‌ಲೂಮ್ ಶೆಡ್ಡು. ಬೆಳಗಿಂದ ರಾತ್ರಿವರೆಗೂ ಟಕಟಕ ಟಕಟಕ. ಹೊಸಬರು ಬಂದ್ರೆ ತಲೆ ಸಿಡಿದುಹೋಗುತ್ತೆ, ಆದರೆ ನನ್ನ ಶಿಷ್ಯರು ಆ ಸದ್ದಿನಲ್ಲೇ ತೊಟ್ಟಿಲಲ್ಲಿ ಮಲಗಿ ಬೆಳೆದೋರು. ಕಣ್ಣು ಮುಚ್ಚಿದ ಎರಡೇ ನಿಮಿಷಕ್ಕೆ ಎಲ್ಲರ ಉಸಿರೂ ಒಂದೇ ಹದಕ್ಕೆ ಬಂತು. ನಾನು ಹಿಗ್ಗಿಹೋದೆ. ಇಂಥ ಏಕಾಗ್ರತೆ ನನ್ನ ಗುರುಗಳಿಗೂ ಇರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯ್ತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತ್ವು. ಎಂಥಾ ಮೌನ ಅಂತೀರಿ! ಇದೇ ಇದೇ, ಇದೇ ನಾನು ಹೇಳಿದ ಮೌನ ಅಂತ ನಾನು ಕಣ್ಣು ಮುಚ್ಚಿ ಒಂದು ದೀರ್ಘ ಉಸಿರೆಳ್ಕೊಂಡೆ. ಕಣ್ಣು ಬಿಟ್ಟು ನೋಡಿದ್ರೆ ಹಾಲಿನಲ್ಲಿ ಒಂದು ನರಪಿಳ್ಳೆನೂ ಇಲ್ಲ.

ಎಲ್ಲರೂ ಬೀದಿಯಲ್ಲಿ ನಿಂತು ಕಂಬ ನೋಡ್ತಿದ್ರು. ಬಟ್ಟೆ ನೇಯೋ ಮನೆಗಳಲ್ಲಿ ಕರೆಂಟು ಹೋದ್ರೆ ಓಡೋದು ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಅಡ್ಡನೂಲು ಎಳೆಯೋ ಲಾಳಿ ಮಧ್ಯದಲ್ಲಿ ನಿಂತಿರುತ್ತೆ, ಸ್ವಿಚ್ ಆಫ್ ಮಾಡದೆ ಬಿಟ್ಟು ಕರೆಂಟು ಬಂದ್ರೆ ಎಳೆಯೆಲ್ಲ ಹರಿದು ಚಿಂದಿ. ನಮ್ಮ ಕ್ಲಾಸಿನಲ್ಲಿ ಒಬ್ಬರು ಅಕ್ಕ ಇದ್ದಾರೆ, ನಲವತ್ತೈದರ ಮೇಲಾಗಿದೆ, ಮನೇಲಿ ಗಂಡನ ಜೊತೆ ನಾಲ್ಕು ಮಗ್ಗ ನಡೆಸ್ತಾರೆ. ಅವರಂತೂ ಬಿಳೀ ಕರಾಟೆ ಡ್ರೆಸ್ಸಿನಲ್ಲೇ ಬರಿಗಾಲಲ್ಲಿ ಮನೆ ಮುಟ್ಟಿ ವಾಪಸ್ ಬಂದ್ರು.

"ಏನಕ್ಕಾ ಇದು, ಮೌನದಲ್ಲಿ ಬಲ ಇದೆ ಅಂತ ಈಗ ತಾನೆ ಬರೆದಿದ್ದೀನಿ" ಅಂದೆ.

ಅವರು ಎದೆ ಹಿಡ್ಕೊಂಡು ಏದುಸಿರು ಬಿಡ್ತಾ, "ಎಂಥ ಬಲ ಸಾರ್? ಮಗ್ಗದ ಸದ್ದು ನಿಂತ್ರೆ ನಮಗೆ ಕೈಕಾಲೇ ಬಿದ್ದೋಗುತ್ತೆ" ಅಂದ್ರು.

ಅವತ್ತಿಂದ ಟೈಂಟೇಬಲ್ ಬದಲಾಯಿಸಿದ್ದೀನಿ. ಮಗ್ಗ ಆಡ್ತಿದ್ರೆ ಧ್ಯಾನ. ಕರೆಂಟು ಹೋದ್ರೆ ಎಲ್ಲರೂ ಸೇರಿ ಜೋರಾಗಿ ಕೂಗು ಹಾಕೋ ಅಭ್ಯಾಸ, ಜೀವಕ್ಕೆ ಸಮಾಧಾನ ಆಗ್ಲಿ ಅಂತ.

ಅಕ್ಕನ ನೋಟ

ಎರಡನೇ ದೂರು ಇದೇ ಅಕ್ಕನ ಯಜಮಾನ್ರದ್ದು.

"ಕೈಗಿಂತ ಮೊದಲು ಕಣ್ಣು ಹೊಡೆಯಲಿ" ಅಂತ ಬರೆದಿದ್ದೆ. ಎದುರಾಳೀನ ದಿಟ್ಟಿಸಿ ನೋಡಿದ್ರೆ ಅರ್ಧ ಗೆದ್ದ ಹಾಗೆ ಅಂತ. ಬರೆದ ಮೇಲೆ ಒಂದು ಕ್ಷಣ ಅನುಮಾನ ಬಂತು, ನಮ್ಮ ಪಡ್ಡೆ ಹುಡುಗರು ಬಸ್ ಸ್ಟ್ಯಾಂಡಲ್ಲಿ ನಿಂತು ಇದನ್ನ ಪ್ರಯೋಗ ಮಾಡಿಬಿಟ್ಟಾರು ಅಂತ. ಅವರನ್ನ ಬೇರೆ ನಿಲ್ಲಿಸಿ ಎಚ್ಚರಿಕೆ ಕೊಟ್ಟೆ. ಅಕ್ಕನಿಗೆ ಕೊಡಲಿಲ್ಲ.

ಹದಿನೈದು ದಿನಕ್ಕೆ ಅವರ ಯಜಮಾನ್ರು ಬಂದ್ರು. ಪಾಪ, ಸಾಧು ಮನುಷ್ಯ.

"ಸಾರ್, ನಮ್ಮನೆಯೋಳಿಗೆ ಏನು ಹೇಳ್ಕೊಟ್ಟಿದ್ದೀರ?"

"ಯಾಕೆ ಸಾರ್, ಏನಾಯ್ತು? ಹೊಡೆದ್ರಾ?"

"ಹೊಡೆದಿದ್ರೆ ಹೋಗ್ಲಿ ಅಂತ ಸುಮ್ನಾಗ್ತಿದ್ದೆ. ನೋಡ್ತಾಳೆ ಸಾರ್! ಮೊದ್ಲು ನಾನು ಲೇಟಾಗಿ ಬಂದ್ರೆ ಬಾಯಿಗೆ ಬಂದಂಗೆ ಬೈತಿದ್ಳು. ಮಗ್ಗದ ಸದ್ದಲ್ಲಿ ಅದು ಒಂದೂ ಕೇಳಿಸ್ತಿರ್ಲಿಲ್ಲ, ನಾನೂ ಹೂಂ ಹೂಂ ಅಂತ ತಲೆ ಆಡಿಸ್ಕೊಂಡು ಇಪ್ಪತ್ತು ವರ್ಷ ಸುಖವಾಗಿ ಕಳೆದೆ. ಈಗ ಬಾಯಿ ಬಿಡಲ್ಲ. ಬಾಗಿಲಲ್ಲಿ ನಿಂತು ಬರೀ ನೋಡ್ತಾಳೆ. ನೋಟಕ್ಕೆ ಮಗ್ಗದ ಸದ್ದು ಅಡ್ಡ ಬರಲ್ವಲ್ಲ ಸಾರ್! ನೇರ ಬಂದು ತಗಲುತ್ತೆ. ಮೊನ್ನೆ ನಮ್ಮಮ್ಮನ್ನ ಒಂದ್ಸಲ ನೋಡಿದ್ಳು. ನಮ್ಮಮ್ಮ ಬೆಳಗ್ಗೆ ಎದ್ದು ತಾವೇ ಕಾಫಿ ಮಾಡ್ಕೊಂಡ್ರು."

ನನಗೆ ನಗು ತಡೆಯೋಕೆ ಆಗ್ಲಿಲ್ಲ. ಅವರು ನಗಲಿಲ್ಲ. ಸೀದಾ ಅಧ್ಯಕ್ಷರ ಹತ್ತಿರ ಹೋಗಿ ಹೇಳಿಯೇ ಬಂದಿದ್ರಂತೆ. ಕಾರ್ಯದರ್ಶಿಗಳು ಪುಸ್ತಕದಲ್ಲಿ ಬರ್ಕೊಂಡರಂತೆ: ದೂರು ಎರಡು.

ನಾನು ಅಂಗಲಾಚಿ ಕೇಳಿದೆ: "ಈಗ ಏನು ಮಾಡ್ಲಿ ಹೇಳಿ ಸಾರ್? ಅಕ್ಕನ್ನ ಕ್ಲಾಸ್ ಬಿಡಿಸ್ಲಾ?"

ಅವರು ಗಾಬರಿಯಾದ್ರು. "ಬಿಡಿಸ್ಬೇಡಿ ಸಾರ್, ಅದಕ್ಕೂ ನೋಡ್ತಾಳೆ. ನನ್ನನ್ನೂ ಸೇರಿಸ್ಕೊಳ್ಳಿ. ವಾಪಸ್ ನೋಡೋದು ಒಂದು ಹೇಳ್ಕೊಟ್ಟುಬಿಡಿ, ಸಾಕು."

ಖಾಲಿ ಕೈ

ಇದು ಚಿಕ್ಕದು, ನನ್ನ ಮನೇದೇ.

"ಖಾಲಿ ಕೈಯೇ ದೊಡ್ಡ ಆಯುಧ" ಅಂತ ಬರೆದ ವಾರ, ನನ್ನ ಹೆಂಡತಿ ಸಂತೆಯಿಂದ ಸೊಪ್ಪು, ಟೊಮ್ಯಾಟೊ, ತೊಗರಿಬೇಳೆ ತರೋಕೆ ಹೇಳಿದ್ಳು. ಕ್ಲಾಸಿನ ಗುಂಗಿನಲ್ಲಿ ಮರ್ತು ಹಾಗೇ ಬಂದ್ಬಿಟ್ಟೆ. ಅವಳು ಊಟದ ಹೊತ್ತಿಗೆ ತೊಳೆದು ಫಳಫಳ ಹೊಳೆಯೋ ತಟ್ಟೆ ತಂದು ಮುಂದಿಟ್ಟು, ಪಕ್ಕದಲ್ಲೊಂದು ಲೋಟ ನೀರಿಟ್ಟು, "ಕೂತ್ಕೊಳ್ಳಿ, ಖಾಲಿ ತಟ್ಟೆ ಇನ್ನೂ ದೊಡ್ಡ ಆಯುಧ" ಅಂದಳು.

ಗುರುಗಳು ಬಾಯಿಬಿಟ್ಟಿದ್ದು

ವಾರ್ಷಿಕ ಸಭೆಗೆ ಹದಿನೈದು ದಿನ ಉಳಿದಿತ್ತು. ನಿದ್ದೆ ಸರಿಯಾಗಿ ಬರ್ತಿರಲಿಲ್ಲ. ಹಾಲ್ ಕೈತಪ್ಪಿದ್ರೆ ಮತ್ತೆ ಬೀದಿ. ನನಗೆ ಬೇರೆ ವಿದ್ಯೆ ಬರೋದಿಲ್ಲ, ಬಂದಿರೋದು ಇದೊಂದೇ. ಸೂತ್ರಗಳಿಗೆ ಅರ್ಥ ಹೇಳಿಬಿಡೋದೇ ಒಳ್ಳೇದು, ಆದರೆ ನಿಜವಾದ ಅರ್ಥ ಗುರುಗಳಿಂದಲೇ ತಿಳ್ಕೊಂಡು ಹೇಳ್ಬೇಕು ಅಂತ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋದೆ.

ಗುರುಗಳಿಗೆ ಈಗ ವಯಸ್ಸಾಗಿದೆ. ವರಾಂಡದಲ್ಲಿ ಕೂತು ಪೇಪರ್ ಓದ್ತಿದ್ರು. ನಮಸ್ಕಾರ ಮಾಡಿ ಎಲ್ಲ ಹೇಳ್ಕೊಂಡೆ. ತ್ಯಾಮಗೊಂಡ್ಲು, ಕರೆಂಟು, ಅಕ್ಕನ ನೋಟ, ಒಂದೂ ಬಿಡಲಿಲ್ಲ. ಕೊನೆಗೆ ಕೈ ಮುಗಿದು, "ಗುರುಗಳೇ, ಇಪ್ಪತ್ತು ವರ್ಷ ಆಯ್ತು. ಇನ್ನಾದ್ರೂ ಆ ಸೂತ್ರಗಳ ಒಳಾರ್ಥ ಹೇಳಿ" ಅಂದೆ.

ಅವರು ಎಂದಿನಂತೆ ಕಣ್ಣು ಮುಚ್ಚಿದ್ರು. ನಾನು ಕಾದೆ. ಐದು ನಿಮಿಷ ಆದಮೇಲೆ ಒಂದು ಕಣ್ಣು ತೆರೆದು, ಒಳಗಡೆ ಮನೆಯವರು ಯಾರಾದ್ರೂ ಕೇಳಿಸಿಕೊಳ್ತಿದ್ದಾರಾ ಅಂತ ನೋಡಿ, ನನ್ನ ಹತ್ತಿರ ಬಗ್ಗಿದ್ರು.

"ನನಗೂ ಗೊತ್ತಿಲ್ಲ ಕಣಯ್ಯ."

"ಗುರುಗಳೇ!"

"ನಮ್ಮ ಗುರುಗಳು ಹೇಳ್ತಿದ್ರು, ನಾನು ಬರ್ಕೊಳ್ತಿದ್ದೆ. ಅರ್ಥ ಕೇಳೋಕೆ ಧೈರ್ಯ ಬರಲಿಲ್ಲ. ಅವರೂ ಕಣ್ಣು ಮುಚ್ಚೋರು."

ನನಗೆ ಅಳಬೇಕೋ ನಗಬೇಕೋ ತಿಳೀಲಿಲ್ಲ. "ಮತ್ತೆ ಅದೇನೋ ಬೀಜ, ಸುಲಿದ್ರೆ ಮೊಳೆಯಲ್ಲ ಅಂತಿದ್ರಲ್ಲಾ?"

"ಹೌದಪ್ಪಾ, ಅದೊಂದು ಮಾತ್ರ ನನ್ನ ಸ್ವಂತದ್ದು" ಅಂದ್ರು ಗುರುಗಳು, ಹೆಮ್ಮೆಯಿಂದ.

ವಾರ್ಷಿಕ ಸಭೆ

ಭಾನುವಾರ ಬೆಳಿಗ್ಗೆ ಸಭೆ. ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಹಿರಿಯರು ಬಿಳೀ ಪಂಚೆ, ಹೆಗಲ ಮೇಲೆ ಟವಲ್ಲು. ಕಾರ್ಯದರ್ಶಿಗಳು ಎದ್ದು ನಿಂತು, "ಹೊಡೆದಾಟ ಕಲಿಯೋಕೆ ಸಂಘದ ಹಾಲ್ ಯಾಕೆ ಬೇಕ್ರೀ? ಸಾಯಂಕಾಲ ಬಸ್ ಸ್ಟ್ಯಾಂಡಿಗೆ ಹೋದ್ರೆ ಪುಕ್ಕಟೆ ಕಲೀಬಹುದು" ಅಂದ್ರು. ಜನ ಹೋ ಅಂತ ನಕ್ಕರು. ನಾನೂ ನಕ್ಕೆ.

ಅಧ್ಯಕ್ಷರು, "ಅವರ ಮಾತು ಇವರ ಮಾತು ಬೇಡ. ಮೇಷ್ಟ್ರೇ, ಏನು ಕಲಿಸಿದ್ದೀರೋ ತೋರಿಸಿ. ನೋಡಿ ತೀರ್ಮಾನ ಮಾಡೋಣ" ಅಂದ್ರು.

ನಾನು ತಯಾರಾಗೇ ಬಂದಿದ್ದೆ. ನನ್ನ ಕ್ಲಾಸಿನ ಇಬ್ಬರು ಗಟ್ಟಿಗರು, ಅಕ್ಕ ಮತ್ತು ಅಧ್ಯಕ್ಷರ ಮೊಮ್ಮಗಳು. ಎರಡು ನಿಮಿಷದ ಪಂದ್ಯ. ಐದು ಗುದ್ದು, ಐದು ತಡೆ, ಎರಡು ಒದೆ, ಚಪ್ಪಾಳೆ, ಮುಗೀತು. ಆ ವಾರದ ಸೂತ್ರವನ್ನೂ ಅಳೆದು ತೂಗಿ ಬರೆದಿದ್ದೆ, ಯಾವ ಕಡೆಯಿಂದ ನೋಡಿದ್ರೂ ಅಪಾಯ ಇಲ್ಲದಿರೋದು: "ಎದುರಾಳಿಯೂ ಗುರುವೇ." ಇದರಿಂದ ಯಾರಿಗೆ ಏನು ಕೆಡುಕಾಗುತ್ತೆ ಹೇಳಿ?

ಇಬ್ಬರೂ ಮಧ್ಯಕ್ಕೆ ಬಂದು ಎದುರುಬದುರು ನಿಂತ್ರು. ನಾನು "ಶುರು" ಅನ್ನೋಕೆ ಬಾಯಿ ತೆರೆಯೋ ಮೊದಲೇ ಹುಡುಗಿ ಒಮ್ಮೆ ಕರಿಹಲಗೆ ಕಡೆ ನೋಡಿದಳು. ನೋಡಿ, ಸೀದಾ ಹೋಗಿ ಅಕ್ಕನ ಎರಡೂ ಪಾದ ಮುಟ್ಟಿ ನಮಸ್ಕಾರ ಮಾಡಿದಳು. ಅಕ್ಕ ಅಭ್ಯಾಸಬಲದಿಂದ ತಲೆ ಮೇಲೆ ಕೈಯಿಟ್ಟು, "ಚೆನ್ನಾಗಿ ಓದಿ ಮುಂದೆ ಬಾ ನನ್ನವ್ವಾ, ನೂರು ವರ್ಷ ಬಾಳು" ಅಂದ್ರು. ಹಿರಿಯರೆಲ್ಲ ತಲೆದೂಗಿದ್ರು. ಪರವಾಗಿಲ್ಲ, ಒಳ್ಳೇ ಆರಂಭ ಅಂದ್ಕೊಂಡು ನಾನು "ಶುರು!" ಅಂತ ಕೂಗಿದೆ.

ಅಕ್ಕ ಕೈ ಎತ್ತಲೇ ಇಲ್ಲ.

"ಅಕ್ಕಾ, ಹೊಡೀರಿ" ಅಂದೆ ಹಲ್ಲು ಕಚ್ಚಿಕೊಂಡು.

"ಅದೆಂಗೆ ಸಾರ್? ಈಗ ತಾನೆ ನೂರು ವರ್ಷ ಬಾಳು ಅಂತ ತಲೆ ಮೇಲೆ ಕೈ ಇಟ್ಟಿದ್ದೀನಿ. ಅದೇ ಕೈಯಲ್ಲಿ ಗುದ್ಲಾ?"

ಕಾರ್ಯದರ್ಶಿಗಳು ಕಿಸಕ್ಕನೆ ನಕ್ಕರು. ನನಗೆ ಬೆವರು ಕಿತ್ಕೊಂಡು ಬಂತು. "ಅಕ್ಕಾ, ಅವಳು ಮಗು ಅಲ್ಲ ಈಗ. ಅವಳು ನಿಮ್ಮ ಎದುರಾಳಿ!"

ನಾನು ಆ ಮಾತು ಆಡಬಾರದಿತ್ತು. ಅಕ್ಕ ಬೋರ್ಡು ನೋಡಿದ್ರು. ಹುಡುಗೀನ ನೋಡಿದ್ರು. "ಅಯ್ಯೋ ಹೌದಲ್ವಾ! ಹಂಗಾದ್ರೆ ಇವಳು ನಂಗೂ ಗುರುವೇ" ಅಂದವರೇ, ಸೊಂಟ ಬಗ್ಗಿಸಿ ಹುಡುಗಿಯ ಕಾಲಿಗೆ ಕೈ ಹಾಕಿದ್ರು.

ಹುಡುಗಿ ಚಿಟ್ಟನೆ ಚೀರಿ ಹಿಂದಕ್ಕೆ ಹಾರಿದಳು. "ಆಂಟೀ ಬೇಡಾ! ದೊಡ್ಡೋರು ಕಾಲು ಮುಟ್ಟಿದ್ರೆ ನನ್ನ ಆಯಸ್ಸು ಕಮ್ಮಿ ಆಗುತ್ತೆ!"

"ಏನೂ ಆಗಲ್ಲ, ನೂರು ವರ್ಷ ಕೊಟ್ಟಿದ್ದೀನಲ್ಲಾ, ಅದರಲ್ಲಿ ಸ್ವಲ್ಪ ಹೋಗುತ್ತೆ ಅಷ್ಟೇ. ನಿಲ್ಲೇ!"

"ಆಂಟೀ!"

ಆಮೇಲೆ ನಡೆದದ್ದನ್ನ ನಾನು ಹೇಗೆ ಹೇಳಲಿ? ಅಕ್ಕ ನೆಲಕ್ಕೆ ಬಗ್ಗಿ ಎಡಕ್ಕೆ ನುಗ್ಗಿದ್ರೆ ಹುಡುಗಿ ಬಲಕ್ಕೆ ಹಾರ್ತಾಳೆ. ಅಕ್ಕ ಬಲಕ್ಕೆ ತಿರುಗಿದ್ರೆ ಹುಡುಗಿ ಗಾಳಿಯಲ್ಲಿ ಎರಡೂ ಕಾಲು ಮಡಿಚಿ ಅವರ ಕೈ ಮೇಲಿಂದಲೇ ದಾಟ್ತಾಳೆ. ವರ್ಷವಿಡೀ ನಾನು ಗಂಟಲು ಹರ್ಕೊಂಡು ಕಲಿಸಿದ್ರೂ ಬಾರದೆ ಇದ್ದ ಹೆಜ್ಜೆಗಳೆಲ್ಲ ಅವತ್ತು ತಾವಾಗೇ ಬಂದ್ವು. ಹಿರಿಯರು ಕುರ್ಚಿ ಬಿಟ್ಟೆದ್ದಿದ್ರು. ಒಂದು ಕಡೆ, "ಬಿಡಬೇಡ ಕಣಮ್ಮಾ, ಹಿಡಿ ಕಾಲು!" ಇನ್ನೊಂದು ಕಡೆ, "ಕೊಡಬೇಡ ಮಗಾ, ಆಯಸ್ಸು ಹೋಗುತ್ತೆ, ಓಡು!" ಅಕ್ಕನ ಯಜಮಾನ್ರು ಕುರ್ಚಿ ಮೇಲೆ ಹತ್ತಿ ಸಿಳ್ಳೆ ಹೊಡೀತಿದ್ರು. ಸೀರೆ ಸೇಲಿನ ಕಾರ್ಯದರ್ಶಿಗಳು ಟವಲ್ಲು ತಿರುಗಿಸ್ತಾ ಹುಡುಗಿ ಪಕ್ಷ ವಹಿಸಿದ್ರು.

ಕೊನೆಗೆ ಅಕ್ಕ ಮೊಣಕಾಲೂರಿ ಜಾರಿಕೊಂಡು ಬಂದು ಎರಡೂ ಪಾದ ಒಟ್ಟಿಗೆ ಹಿಡಿದ್ರು. ಹುಡುಗಿ ಧೊಪ್ ಅಂತ ಬಿದ್ದಳು, ಬೀಳೋದು ಹೇಗೆ ಅಂತ ಕಲಿಸಿದ್ದೆ, ಹಾಗೇ ಬಿದ್ದಳು. ಅಕ್ಕ ಆ ಪಾದಗಳನ್ನ ಮುಟ್ಟಿ ಕಣ್ಣಿಗೊತ್ತಿಕೊಂಡು, ಏದುಸಿರಿನಲ್ಲಿ, "ಗುರುವೇ ನಮಃ" ಅಂದ್ರು.

ಎಲ್ಲರೂ ಅಧ್ಯಕ್ಷರ ಮುಖ ನೋಡಿದ್ರು. ನಾನು ಜೇಬಿನಿಂದ ಬೀಗದಕೈ ತೆಗೆದು ಅಂಗೈಯಲ್ಲಿಟ್ಟುಕೊಂಡೆ, ಕೇಳೋಕ್ ಮುಂಚೆ ಕೊಟ್ಟುಬಿಡೋಣ ಅಂತ.

ಅಧ್ಯಕ್ಷರು ಕೋಲು ಊರಿ ಎದ್ದರು. "ನಾನು ಗರಡಿ ಕುಸ್ತಿ ನೋಡಿದ್ದೀನಿ. ಕಬಡ್ಡಿ ನೋಡಿದ್ದೀನಿ. ಈ ಸಂಘದ ಎಲೆಕ್ಷನ್ನೂ ನೋಡಿದ್ದೀನಿ. ಎಲ್ಲ ಕಡೆ ಜನ ಇನ್ನೊಬ್ಬರ ಕಾಲು ಎಳೆಯೋಕೆ ಹೊಡೆದಾಡ್ತಾರೆ. ಕಾಲಿಗೆ ಬೀಳೋಕೆ ಹಿಂಗೆ ಹೊಡೆದಾಡೋರನ್ನ ನೋಡಿದ್ದು ಇವತ್ತೇ. ಮೇಷ್ಟ್ರೇ, ಆ ಕೀ ಜೇಬಿಗಿಡಿ."

ಕಾರ್ಯದರ್ಶಿಗಳು ಕಣ್ಣೊರೆಸಿಕೊಂಡು ಎದ್ದು, "ನಮ್ಮ ಮನೆ ಹುಡುಗರು ಹಬ್ಬದ ದಿನಾನೂ ಕಾಲು ಮುಟ್ಟಲ್ಲ ಯಜಮಾನ್ರೇ, ಮೊಬೈಲ್ ಮುಟ್ಟುತ್ತಾರೆ. ನಾಲ್ಕೂ ಜನರನ್ನ ನಾಳೆಯಿಂದಲೇ ಕಳಿಸ್ತೀನಿ" ಅಂದ್ರು. ಸೀರೆ ಸೇಲಿನ ಮಾತು ಯಾರೂ ಎತ್ತಲಿಲ್ಲ. ಹಾಲ್ ಇನ್ನು ಮೂರು ವರ್ಷ ನಮಗೇ ಅಂತ ಎಲ್ಲರೂ ಕೈ ಎತ್ತಿದ್ರು. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳ್ಲಿ.

ಮಾರನೇ ದಿನ ಸಂಜೆ ಹಾಲಿನ ಮುಂದೆ ಹೊಸ ಮಕ್ಕಳ ಸಾಲು ಬೀದಿ ತಿರುವಿನವರೆಗೂ ಇತ್ತು. ಒಬ್ಬೊಬ್ಬರ ಹಿಂದೆಯೂ ಒಬ್ಬ ಅಜ್ಜಿ, ಇಲ್ಲ ತಾತ. ಸಾಸಲು ಹಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದ ಒಬ್ಬ ಅಜ್ಜಿ ಮೊಮ್ಮಗನ್ನ ನನ್ನ ಮುಂದಕ್ಕೆ ತಳ್ಳಿ, ಕೈ ಮುಗಿದು ಹೇಳಿದ್ರು:

"ಸ್ವಾಮಿ, ದೊಡ್ಡೋರ ಕಾಲಿಗೆ ಬೀಳೋದನ್ನ ನೀವು ಬಲು ಚೆನ್ನಾಗಿ ಕಲಿಸ್ತೀರಂತೆ. ಇವನಿಗೂ ಕಲಿಸಿ. ಆದ್ರೆ ನಿಮ್ಮ ದಮ್ಮಯ್ಯ, ಆ ಕರಾಟೆ ಗಿರಾಟೆ ಮಾತ್ರ ಬೇಡ."

ಸೊಂಟದಲ್ಲಿ ಕಪ್ಪು ಬೆಲ್ಟು. ಜೇಬಿನಲ್ಲಿ ಮೂರು ವರ್ಷದ ಬೀಗದಕೈ. ನಾನು ಎರಡನ್ನೂ ಒಂದು ಸಲ ಮುಟ್ಟಿ ನೋಡ್ಕೊಂಡೆ.

"ಛೆ ಛೆ, ಅದನ್ನೆಲ್ಲ ನಾವು ಇಲ್ಲಿ ಇಟ್ಕೊಂಡೇ ಇಲ್ಲಮ್ಮ" ಅಂದೆ.